ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತರೆ ಹೊಟ್ಟೆಯಲ್ಲಿ ಭೇದಿ ನಿಲ್ಲುತ್ತಾ?

ಮಳೆಗಾಲ ಶುರುವಾಯಿತು ಅಂದರೆ ಎರಡು ಥರದ ಸುದ್ದಿಗಳು ಜೊತೆಜೊತೆಗೇ ಬರುತ್ತವೆ. ಒಂದು, ಕುಡಿಯುವ ನೀರಿನ ಪೈಪಿಗೆ ಚರಂಡಿ ನೀರು ಸೇರಿ ಊರಿಗೆ ಊರೇ ವಾಂತಿಭೇದಿಯಿಂದ ಆಸ್ಪತ್ರೆ ಸೇರಿತು ಎಂಬುದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಬಿಟ್ಟಿದ್ದನ್ನು ನಾವು ಇಷ್ಟು ಬೇಗ ಮರೆಯುವ ಹಾಗಿಲ್ಲ. ಇನ್ನೊಂದು ಸುದ್ದಿ ಮೊಬೈಲಿನಲ್ಲಿ ಬರುತ್ತದೆ: ‘ಭೇದಿಗೆ ಈ ಎಲೆ ರಾಮಬಾಣ, ಸಂಶೋಧನೆಯಲ್ಲೂ ಸಾಬೀತು!’ ಎಲೆ ವರ್ಷಕ್ಕೊಂದು ಬದಲಾಗುತ್ತದೆ. ಒಮ್ಮೆ ಸೀಬೆ, ಒಮ್ಮೆ ನೇರಳೆ, ಒಮ್ಮೆ ದಾಳಿಂಬೆ ಸಿಪ್ಪೆ. ‘ಸಂಶೋಧನೆಯಲ್ಲೂ ಸಾಬೀತು’ ಅನ್ನೋ ಮಾತು ಮಾತ್ರ ಬದಲಾಗುವುದಿಲ್ಲ.

ಈ ‘ಸಂಶೋಧನೆ’ಯ ಒಳಗೆ ಏನಿರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವಳು. ಪ್ರತಿವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಅಂತ ಬಂದಾಗ ಮೂವರಲ್ಲಿ ಒಬ್ಬರಾದರೂ ‘ಇಂಥ ಗಿಡದ ಎಲೆಯ ಸಾರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇದೆಯಾ ನೋಡ್ತೀನಿ ಮೇಡಂ’ ಅನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಖರ್ಚು ಕಡಿಮೆ, ಆರು ತಿಂಗಳಲ್ಲಿ ಮುಗಿಯುತ್ತದೆ, ಅಜ್ಜಿ ಹೇಳಿದ ಮದ್ದಿನ ಮೇಲೆ ಪ್ರೀತಿಯೂ ಇರುತ್ತದೆ. ಆದರೆ ಆ ಪ್ರಯೋಗ ಕೇಳುವ ಪ್ರಶ್ನೆಯೇ ಬೇರೆ, ಭೇದಿ ಆದವರಿಗೆ ಬೇಕಾದ ಉತ್ತರವೇ ಬೇರೆ. ಇವೆರಡರ ನಡುವಿನ ದೂರ ಗೊತ್ತಿಲ್ಲದೆ ಸುದ್ದಿ ಬರೆದರೆ ಏನಾಗುತ್ತದೆ ಅಂದರೆ, ಯಾವುದೋ ಮನೆಯಲ್ಲಿ ಮಗುವಿಗೆ ಕಷಾಯ ಕುಡಿಸಿ, ನೀರು ನಿಲ್ಲಿಸಿ, ಸಂಜೆವರೆಗೆ ಕಾಯುತ್ತಾರೆ.

ಮೊದಲು ತಟ್ಟೆಯ ಪ್ರಯೋಗ ನೋಡೋಣ.

ಎಲೆ ತಂದು ನೆರಳಲ್ಲಿ ಒಣಗಿಸುತ್ತಾರೆ. ಪುಡಿ ಮಾಡಿ ಮೆಥನಾಲ್‌ನಲ್ಲಿ ಎರಡು ಮೂರು ದಿನ ನೆನೆಹಾಕುತ್ತಾರೆ. ಸೋಸಿ, ಮೆಥನಾಲನ್ನು ಆವಿ ಮಾಡಿ ತೆಗೆದರೆ ಕಡುಹಸಿರು ಬಣ್ಣದ ಅಂಟು ಉಳಿಯುತ್ತದೆ, ಹೆಚ್ಚು ಕಾಯಿಸಿದ ಬೆಲ್ಲದ ಪಾಕದ ಹಾಗೆ. ಅದೇ ‘ಸಾರ’. ಇನ್ನೊಂದು ಕಡೆ ಗಾಜಿನ ಪೆಟ್ರಿ ತಟ್ಟೆಯಲ್ಲಿ ಅಗರ್ ಎಂಬ ಜೆಲ್ಲಿ ಹೊಯ್ದು, ಗಟ್ಟಿಯಾದ ಮೇಲೆ ಅದರ ತುಂಬ ಬ್ಯಾಕ್ಟೀರಿಯಾ ಸವರುತ್ತಾರೆ. ಜೆಲ್ಲಿಯಲ್ಲಿ ಸಣ್ಣ ಗುಂಡಿ ಕೊರೆದು ಸಾರದ ದ್ರಾವಣ ತುಂಬುತ್ತಾರೆ. ಮನುಷ್ಯರ ಮೈ ಬಿಸಿಯಷ್ಟು ಶಾಖದಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆಗೆ ತಟ್ಟೆ ತುಂಬ ಬ್ಯಾಕ್ಟೀರಿಯಾ ಬೆಳೆದು ಮಂಜು ಕವಿದ ಹಾಗೆ ಕಾಣುತ್ತದೆ. ಸಾರದಲ್ಲಿ ಶಕ್ತಿ ಇದ್ದರೆ ಗುಂಡಿಯ ಸುತ್ತ ಮಾತ್ರ ಏನೂ ಬೆಳೆಯದ ತಿಳಿಯಾದ ವೃತ್ತ. ಅದರ ಅಗಲವನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳುತ್ತಾರೆ. ‘ಮೇಡಂ, ಝೋನ್ ಬಂತು!’ ಅಂತ ಹುಡುಗಿಯರು ತಟ್ಟೆ ಹಿಡಿದು ಓಡಿ ಬರುವುದು ಇದನ್ನು ನೋಡಿಯೇ. ಆ ಖುಷಿ ನಿಜವಾದದ್ದು, ಅದನ್ನು ಹಾಳು ಮಾಡೋದು ನನಗೂ ಇಷ್ಟವಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಸಾರ ಇರುವ ದ್ರಾವಣ ಮಾಡಿ, ಅದರಲ್ಲಿ 100 ಮೈಕ್ರೊಲೀಟರ್ ಗುಂಡಿಗೆ ಹಾಕುತ್ತಾರೆ. ಅಂದರೆ ಗುಂಡಿಯೊಳಗೆ ಬಿದ್ದ ಸಾರ 10 ಮಿಲಿಗ್ರಾಂ. ಹೋಲಿಕೆಗೆ ಅದೇ ತಟ್ಟೆಯಲ್ಲಿ ಇಡುವ ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯಲ್ಲಿ ಇರುವ ಔಷಧ 5 ಮೈಕ್ರೊಗ್ರಾಂ. ಸಾರ ಎರಡು ಸಾವಿರ ಪಟ್ಟು ಹೆಚ್ಚು! ಇಷ್ಟಾದರೂ ಸಿಪ್ರೊಫ್ಲಾಕ್ಸಾಸಿನ್ ಸುತ್ತ 30 ಮಿಲಿಮೀಟರ್ ಆಸುಪಾಸಿನ ವೃತ್ತ ಬಂದರೆ, ಸಾರದ ಸುತ್ತ 12-14 ಮಿಲಿಮೀಟರ್ ಬಂದರೆ ಹೆಚ್ಚು. ಅದರಲ್ಲೂ 6 ಮಿಲಿಮೀಟರ್ ಗುಂಡಿಯದೇ ಅಗಲ. ‘ಆಂಟಿಬಯೋಟಿಕ್‌ಗೆ ಸಮನಾದ ಎಲೆ’ ಅಂತ ಶೀರ್ಷಿಕೆ ಕೊಡುವವರು ಈ ಒಂದು ಸಾಲಿನ ಲೆಕ್ಕ ಮಾಡಿದ್ದರೆ ಸಾಕಿತ್ತು. ಹೌದು, ಸಾರ ಅಂದರೆ ನೂರಾರು ರಾಸಾಯನಿಕಗಳ ಕಲಬೆರಕೆ, ಅದರಲ್ಲಿ ಕೆಲಸದ ಅಂಶ ಎಲ್ಲೋ ಒಂದು ಚೂರು ಇರಬಹುದು, ಒಪ್ಪೋಣ. ಹಾಗಿದ್ದರೆ ಆ ಚೂರು ಯಾವುದು ಅಂತ ಹುಡುಕಬೇಕು. ಬಹುತೇಕ ಪ್ರಬಂಧಗಳು ಅಲ್ಲಿಗೆ ಹೋಗುವುದೇ ಇಲ್ಲ.

ವೃತ್ತದ ಅಗಲಕ್ಕೆ ಇನ್ನೊಂದು ತೊಡಕಿದೆ. ಜೆಲ್ಲಿಯಲ್ಲಿ ಸುಲಭವಾಗಿ ಹರಡುವ ಚಿಕ್ಕ ಅಣುಗಳು ದೊಡ್ಡ ವೃತ್ತ ಕೊಡುತ್ತವೆ. ನೀರಿನಲ್ಲಿ ಕರಗದ, ಎಣ್ಣೆಯ ಗುಣದ ಅಣುಗಳು ಎಷ್ಟೇ ಶಕ್ತಿಯುತವಾಗಿದ್ದರೂ ಗುಂಡಿಯಲ್ಲೇ ಕೂತುಬಿಡುತ್ತವೆ. ಹಾಗಾಗಿ ಎರಡು ಗಿಡಗಳ ವೃತ್ತ ಹೋಲಿಸಿ ‘ಇದು ಅದಕ್ಕಿಂತ ಗಟ್ಟಿ’ ಅನ್ನುವಂತಿಲ್ಲ. ಸರಿಯಾದ ದಾರಿ ಅಂದರೆ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಸಾರವನ್ನು ಅರ್ಧರ್ಧ ತೆಳು ಮಾಡುತ್ತಾ ಹೋಗಿ, ಎಲ್ಲಿಯವರೆಗೆ ಬೆಳವಣಿಗೆ ನಿಲ್ಲುತ್ತದೆ ಎಂದು ನೋಡುವುದು. ಹೀಗೆ ಸಿಗುವ ಕನಿಷ್ಠ ಪ್ರಮಾಣ ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಸುತ್ತಮುತ್ತ ಅಥವಾ ಅದಕ್ಕೂ ಕಡಿಮೆ ಇದ್ದರೆ ಈ ಕ್ಷೇತ್ರದವರು ಕಿವಿ ನಿಮಿರಿಸುತ್ತಾರೆ. 1 ಮಿಲಿಗ್ರಾಂ ದಾಟಿದರೆ ಆಸಕ್ತಿ ಕಳೆದುಕೊಳ್ಳುತ್ತಾರೆ. ನಮ್ಮ ಬಹಳಷ್ಟು ಸೊಪ್ಪುಗಳ ಸಾರ ಬಂದು ನಿಲ್ಲುವುದು 5, 10, 25 ಮಿಲಿಗ್ರಾಂಗಳಲ್ಲಿ. ಅಷ್ಟು ದಪ್ಪದ ದ್ರಾವಣದಲ್ಲಿ ಚಹಾದ ಡಿಕಾಕ್ಷನ್ ಕೂಡ ಬ್ಯಾಕ್ಟೀರಿಯಾಗಳಿಗೆ ತೊಂದರೆ ಕೊಡಬಲ್ಲದು.

ಇಲ್ಲಿ ಒಗರಿನ ಬಗ್ಗೆ ಹೇಳಲೇಬೇಕು. ಭೇದಿಗೆ ನಮ್ಮ ಹಿರಿಯರು ಆರಿಸಿಕೊಂಡ ಮದ್ದುಗಳನ್ನು ಸಾಲಾಗಿ ನೋಡಿ: ದಾಳಿಂಬೆ ಸಿಪ್ಪೆ, ಸೀಬೆ ಕುಡಿ, ನೇರಳೆ ತೊಗಟೆ, ಮಾವಿನ ಗೊರಟು. ಎಲ್ಲವೂ ಒಗರು. ಒಗರು ಅಂದರೆ ಟ್ಯಾನಿನ್. ನಾಲಿಗೆ ಮೇಲಿನ ಜೊಲ್ಲಿನ ಪ್ರೋಟೀನಿಗೆ ಅದು ಅಂಟಿಕೊಳ್ಳುವುದರಿಂದಲೇ ಬಾಯಿ ಒಣಗಿ ಬಿಗಿದ ಹಾಗೆ ಅನಿಸೋದು. ಮಲೆನಾಡಿನವರು ಇವನ್ನು ಮಜ್ಜಿಗೆಯಲ್ಲಿ ಅರೆದು ತಂಬುಳಿ ಮಾಡುವುದರಲ್ಲಿ ಒಂದು ಜಾಣತನವಿದೆ. ಮಜ್ಜಿಗೆಯ ನೀರು, ಉಪ್ಪು ಎರಡೂ ಹೊಟ್ಟೆಗೆ ಹೋಗುತ್ತವೆ. ಆದರೆ ಪ್ರಯೋಗಾಲಯದಲ್ಲಿ ಟ್ಯಾನಿನ್ ಅಂದರೆ ತಲೆನೋವು. ಕಂಡಕಂಡ ಪ್ರೋಟೀನಿಗೆಲ್ಲ ಅಂಟಿಕೊಳ್ಳುವ ಗುಣದಿಂದಾಗಿ ಅದು ಯಾವ ಪರೀಕ್ಷೆ ಮಾಡಿದರೂ ‘ಕೆಲಸ ಮಾಡುತ್ತೆ’ ಅಂತಲೇ ತೋರಿಸುತ್ತದೆ. ಎಲ್ಲಾ ಪರೀಕ್ಷೆಯಲ್ಲೂ ಪಾಸಾಗುವವನ ಮೇಲೆ ಮೇಷ್ಟ್ರಿಗೆ ಅನುಮಾನ ಬರಬೇಕಲ್ಲವಾ?

ಇನ್ನು ಪರೀಕ್ಷೆಗೆ ಬಳಸುವ ಬ್ಯಾಕ್ಟೀರಿಯಾ. ಬಹುಪಾಲು ಕಾಲೇಜುಗಳಲ್ಲಿ ಇರುವುದು ‘ಎಟಿಸಿಸಿ 25922’ ಎಂಬ ನಂಬರಿನ ಇ. ಕೊಲೈ. ಆಂಟಿಬಯೋಟಿಕ್ ಬಿಲ್ಲೆಗಳು ಸರಿಯಾಗಿವೆಯೇ ಎಂದು ತಾಳೆ ನೋಡುವುದಕ್ಕೆ ಜಗತ್ತಿನ ಲ್ಯಾಬುಗಳೆಲ್ಲ ಇಟ್ಟುಕೊಳ್ಳುವ ಸಾಧು ತಳಿ ಅದು. ಭೇದಿ ತರುವ ಇ. ಕೊಲೈಗಳು ಬೇರೆಯೇ ಇವೆ. ವಿಷ ಉಗುಳುವವು, ಕರುಳಿನ ಗೋಡೆಗೆ ಕಚ್ಚಿಕೊಳ್ಳುವವು, ಗೋಡೆ ಕೊರೆದು ಒಳನುಗ್ಗುವವು. ಸಾಧು ತಳಿಯನ್ನು ಕೊಂದು ‘ಭೇದಿಯ ಬ್ಯಾಕ್ಟೀರಿಯಾ ಸತ್ತಿತು’ ಅನ್ನುವುದು ಬೀದಿಯಲ್ಲಿ ಹೋಗುವವನನ್ನು ಹಿಡಿದು ಕಳ್ಳ ಸಿಕ್ಕ ಅಂದ ಹಾಗೆ.

ಭೇದಿ ಅಂದರೆ ಏನು ಅಂತ ಕೇಳದೆ ಮುಂದೆ ಹೋಗೋದು ಕಷ್ಟ

ಕಾಲರಾ ಬ್ಯಾಕ್ಟೀರಿಯಾ ಗೊತ್ತಾಗಿ ಎಷ್ಟೋ ದಶಕ ಕಳೆದರೂ ಅದು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬುದು ಗೊತ್ತಿರಲಿಲ್ಲ. ಅದನ್ನು ಬಿಡಿಸಿದ್ದು ಕಲ್ಕತ್ತಾದ ಶಂಭುನಾಥ ಡೇ. 1950ರ ದಶಕದಲ್ಲಿ ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಒಳಗೆ ಕಾಲರಾ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಕರುಳು ನೀರು ತುಂಬಿದ ಬಲೂನಿನಂತೆ ಊದಿಕೊಂಡಿತು. 1959ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬ್ಯಾಕ್ಟೀರಿಯಾಗಳನ್ನೆಲ್ಲ ಸೋಸಿ ತೆಗೆದ ಬರಿಯ ದ್ರವ ಹಾಕಿದರೂ ಹೀಗೇ ಆಗುತ್ತದೆ ಎಂದು ತೋರಿಸಿದರು. ಅಂದರೆ ನೀರು ಹರಿಸುವುದು ಬ್ಯಾಕ್ಟೀರಿಯಾದ ಮೈಯಲ್ಲ, ಅದು ಬಿಡುವ ವಿಷ. ಆ ವಿಷ ಕರುಳಿನ ಜೀವಕೋಶದ ಮೇಲಿರುವ ‘ಜಿಎಂ1’ ಎಂಬ ಕೊಂಡಿಗೆ ಅಂಟಿಕೊಂಡು, ಒಳಗೆ ಹೋಗಿ, ಕ್ಲೋರೈಡ್ ಹೊರಬಿಡುವ ಬಾಗಿಲನ್ನು ತೆರೆದಿಟ್ಟುಬಿಡುತ್ತದೆ. ಉಪ್ಪಿನ ಹಿಂದೆ ನೀರು ಹರಿದು ಬರುತ್ತದೆ. ಗಂಟೆಗಟ್ಟಲೆ, ಲೀಟರುಗಟ್ಟಲೆ.

ಇದರಿಂದ ಎರಡು ಮಾತು ಹೊರಡುತ್ತವೆ. ವಿಷ ಒಮ್ಮೆ ಅಂಟಿಕೊಂಡ ಮೇಲೆ ಬ್ಯಾಕ್ಟೀರಿಯಾ ಸತ್ತರೂ ಭೇದಿ ತಕ್ಷಣ ನಿಲ್ಲುವುದಿಲ್ಲ. ಹಾಗೆಯೇ, ಬ್ಯಾಕ್ಟೀರಿಯಾವನ್ನು ಮುಟ್ಟದೆಯೇ ವಿಷವನ್ನು ತಡೆಯುವ ವಸ್ತು ಇದ್ದರೆ ಅದೂ ಔಷಧ ಆಗಬಹುದು. ತಟ್ಟೆಯಲ್ಲಿ ಇವೆರಡೂ ಕಾಣುವುದಿಲ್ಲ. ಸಾಲದ್ದಕ್ಕೆ, ಪುಟ್ಟ ಮಕ್ಕಳ ತೀವ್ರ ಭೇದಿಗೆ ದೊಡ್ಡ ಕಾರಣಗಳಲ್ಲಿ ಒಂದಾದ ರೋಟಾವೈರಸ್ ಬ್ಯಾಕ್ಟೀರಿಯಾನೇ ಅಲ್ಲ. ಅಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಎಲೆಯೂ ದಂಡ, ಮೆಡಿಕಲ್ ಶಾಪಿನವರು ಕೇಳದೆ ಕೊಡುವ ಆಂಟಿಬಯೋಟಿಕ್ಕೂ ದಂಡ.

ಇನ್ನು ಇಲಿಯ ಪ್ರಯೋಗ. ‘ಭೇದಿ ನಿಲ್ಲಿಸುವ ಗುಣ ಸಾಬೀತು’ ಎಂಬ ಸುದ್ದಿಯ ಹಿಂದೆ ಸಾಮಾನ್ಯವಾಗಿ ಇರುವುದು ಇದು. ಸಣ್ಣಿಲಿಗಳನ್ನು ಒಂದು ರಾತ್ರಿ ಉಪವಾಸ ಇಡುತ್ತಾರೆ. ಬೆಳಿಗ್ಗೆ ಒಂದು ಗುಂಪಿಗೆ ಬರೀ ನೀರು, ಒಂದು ಗುಂಪಿಗೆ ಲೋಪೆರಮೈಡ್ ಮಾತ್ರೆಯ ಔಷಧ, ಉಳಿದ ಗುಂಪುಗಳಿಗೆ ಮೂರು ಪ್ರಮಾಣದಲ್ಲಿ ಎಲೆಯ ಸಾರ. ಆಮೇಲೆ ಎಲ್ಲಕ್ಕೂ ಅರ್ಧ ಮಿಲಿಲೀಟರ್ ಹರಳೆಣ್ಣೆ. ಬಿಳಿ ಕಾಗದ ಹಾಸಿದ ಪಂಜರದಲ್ಲಿ ಬಿಟ್ಟು ನಾಲ್ಕು ಗಂಟೆ ಹೊತ್ತು ನೀರು ಹಿಕ್ಕೆ ಎಷ್ಟು ಅಂತ ಎಣಿಸುತ್ತಾರೆ. ಪಿಎಚ್‌ಡಿ ಅಂದರೆ ದೊಡ್ಡ ದೊಡ್ಡ ಯಂತ್ರಗಳ ಮುಂದೆ ಕೂರೋದು ಅಂತ ಅಂದುಕೊಂಡವರು ಒಮ್ಮೆ ಇದನ್ನು ನೋಡಬೇಕು.

ಹರಳೆಣ್ಣೆ ಹೇಗೆ ಕೆಲಸ ಮಾಡುತ್ತದೆ ಎಂಬುದು 2012ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳ ಕೆಲಸದಿಂದ ಸ್ಪಷ್ಟವಾಯಿತು. ಹೊಟ್ಟೆಯಲ್ಲಿ ಎಣ್ಣೆ ಒಡೆದು ರಿಸಿನೊಲೆಯಿಕ್ ಆಮ್ಲ ಹೊರಬರುತ್ತದೆ. ಅದು ಕರುಳಿನ ಸ್ನಾಯುವಿನ ಮೇಲಿರುವ ಒಂದು ಗ್ರಾಹಕವನ್ನು ಒತ್ತಿ ಕರುಳನ್ನು ಹಿಂಡಿಸುತ್ತದೆ. ಹಬ್ಬ ಮುಗಿದ ಮಾರನೇ ದಿನ ಅಜ್ಜಿ ಕುಡಿಸುತ್ತಿದ್ದ ಹರಳೆಣ್ಣೆ ಮಾಡುತ್ತಿದ್ದದ್ದೂ ಇದನ್ನೇ. ಇದರಲ್ಲಿ ಬ್ಯಾಕ್ಟೀರಿಯಾನೂ ಇಲ್ಲ, ವೈರಸ್ಸೂ ಇಲ್ಲ, ಕಾಲರಾ ವಿಷವೂ ಇಲ್ಲ. ಹಾಗಾಗಿ ಈ ಪ್ರಯೋಗದಲ್ಲಿ ಗೆದ್ದ ಸಾರದ ಬಗ್ಗೆ ಹೇಳಬಹುದಾದದ್ದು ಇಷ್ಟೇ: ಅದು ಕರುಳಿನ ಓಟವನ್ನೋ ನೀರಿಳಿಯುವುದನ್ನೋ ತಗ್ಗಿಸುತ್ತದೆ.

ಕರುಳಿನ ಓಟ ತಗ್ಗಿಸೋದು ಯಾವಾಗಲೂ ಒಳ್ಳೆಯದಲ್ಲ. ಸಂಧ್ಯಾವಂದನೆಗೆ ಕೂತವರ ಹೊಟ್ಟೆ ಗುಡುಗುಡು ಅಂದರೆ ಒಂದು ಲೋಪೆರಮೈಡ್ ಸಾಕು, ಸರಿ. ಆದರೆ ರಕ್ತ ಬೀಳುವ ಆಮಶಂಕೆಯಲ್ಲಿ ಕರುಳನ್ನು ಕಟ್ಟಿಹಾಕಿದರೆ ಒಳಗಿರುವ ರೋಗಾಣು ಅಲ್ಲೇ ಉಳಿಯುತ್ತದೆ. ಶಿಗೆಲ್ಲಾ ಆಮಶಂಕೆಯಲ್ಲಿ ‘ಲೊಮೊಟಿಲ್’ ಎಂಬ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟವರಿಗೆ ಜ್ವರ ಹೆಚ್ಚು ಹೊತ್ತು ಉಳಿಯಿತು ಎಂದು 1973ರಲ್ಲೇ ಅಮೆರಿಕದ ವೈದ್ಯರು ವರದಿ ಮಾಡಿದ್ದರು. ಎರಡು ವರ್ಷದೊಳಗಿನ ಮಕ್ಕಳಿಗೆ ಲೋಪೆರಮೈಡ್ ಕೊಡಲೇಬಾರದು ಎಂಬ ನಿಯಮ ಇದೆ. ಹೀಗಿರುವಾಗ ‘ಲೋಪೆರಮೈಡಿನಷ್ಟೇ ಪರಿಣಾಮಕಾರಿ’ ಎಂದು ಒಂದು ಎಲೆಗೆ ಸರ್ಟಿಫಿಕೇಟ್ ಸಿಕ್ಕರೆ, ಅದು ಹೊಗಳಿಕೆಯೋ ಎಚ್ಚರಿಕೆಯೋ ನೀವೇ ಹೇಳಿ.

ಪ್ರಮಾಣದ ಲೆಕ್ಕವೂ ಇದೆ. ಇಲಿಯ ಮೈತೂಕದ ಪ್ರತಿ ಕಿಲೋಗೆ 400 ಮಿಲಿಗ್ರಾಂ ಸಾರ ಕೊಟ್ಟಾಗ ಒಳ್ಳೆಯ ಫಲಿತಾಂಶ ಬಂತು ಅನ್ನೋಣ. ಇಲಿಯದನ್ನು ಮನುಷ್ಯನಿಗೆ ತಿರುಗಿಸಲು ಔಷಧ ವಿಜ್ಞಾನದಲ್ಲಿ ಸುಮಾರು 12ರಿಂದ ಭಾಗಿಸುತ್ತಾರೆ. ಕಿಲೋಗೆ 32-33 ಮಿಲಿಗ್ರಾಂ ಆಯಿತು. 60 ಕೆ.ಜಿ. ತೂಕದವರಿಗೆ ಸುಮಾರು 2 ಗ್ರಾಂ ಸಾರ. ಒಣಗಿದ ಎಲೆಯಲ್ಲಿ ಹತ್ತನೇ ಒಂದು ಪಾಲು ಸಾರ ಬಂತು ಅಂದುಕೊಂಡರೆ 20 ಗ್ರಾಂ ಒಣ ಎಲೆ, ಹಸಿಯಾದರೆ ಅದರ ಎರಡು ಮೂರು ಪಟ್ಟು, ಅದೂ ಮೆಥನಾಲ್‌ನಲ್ಲಿ ಪೂರ್ತಿ ಹಿಂಡಿ ತೆಗೆದದ್ದು. ಮನೆಯಲ್ಲಿ ನಾಲ್ಕು ಎಲೆ ಹಾಕಿ ಕುದಿಸುವ ಕಷಾಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಎಲೆಯ ಕಷಾಯ ಕೆಲಸ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಈ ಪ್ರಯೋಗ ಕಷಾಯವನ್ನು ಪರೀಕ್ಷೆ ಮಾಡಿಯೇ ಇಲ್ಲ ಅಂತ ಹೇಳುತ್ತಿದ್ದೇನೆ.

ಬಿಲ್ವದ ಎಳೆಕಾಯಿ ಹೇಳಿದ ಕತೆ

ಹಾಗಾದರೆ ಸರಿಯಾದ ಪರೀಕ್ಷೆ ಹೇಗಿರುತ್ತದೆ? ನಾನು ತರಗತಿಯಲ್ಲಿ ಪ್ರತಿವರ್ಷ ಓದಿಸುವ ಒಂದು ಅಧ್ಯಯನ ಇದೆ. ಮುಂಬೈಯ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ್ದು. ಅವರು ತೆಗೆದುಕೊಂಡದ್ದು ಬಿಲ್ವದ ಎಳೆಕಾಯಿ.

(ಇಲ್ಲೊಂದು ಹೆಸರಿನ ಗೊಂದಲ ಬಗೆಹರಿಸಬೇಕು. ಹಿಂದಿಯಲ್ಲಿ ‘ಬೇಲ್’ ಅಂದರೆ ನಮ್ಮ ಬಿಲ್ವ, ಶಿವನಿಗೆ ಏರಿಸುವ ಪತ್ರೆಯ ಮರ. ಕನ್ನಡದಲ್ಲಿ ‘ಬೇಲ’ ಅಂದರೆ ರಾಮನವಮಿಗೆ ಪಾನಕ ಮಾಡುವ, ಗಟ್ಟಿ ಚಿಪ್ಪಿನ ಇನ್ನೊಂದು ಹಣ್ಣು. ಎರಡೂ ಒಂದೇ ಕುಟುಂಬದ ಬೇರೆ ಬೇರೆ ಮರಗಳು. ಹಿಂದಿ ಸುದ್ದಿಯನ್ನು ಕನ್ನಡಕ್ಕೆ ಇಳಿಸುವವರು ಬೇಲ್ ಅನ್ನು ಬೇಲ ಮಾಡಿ, ಒಂದು ಮರದ ಗುಣವನ್ನು ಇನ್ನೊಂದಕ್ಕೆ ಅಂಟಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಗಿಡದ ಮಾದರಿಯನ್ನು ಒಣಗಿಸಿ, ತಜ್ಞರಿಂದ ಗುರುತು ಹಿಡಿಸಿ, ನಂಬರು ಹಾಕಿ ಇಡಬೇಕು ಅಂತ ಸಂಶೋಧಕರು ಪಟ್ಟು ಹಿಡಿಯುವುದು ಇದಕ್ಕೇ.)

ಮುಂಬೈಯವರು ಮೆಥನಾಲ್ ಮುಟ್ಟಲಿಲ್ಲ. ಜನ ಮಾಡುವ ಹಾಗೆಯೇ ಒಣಗಿದ ಎಳೆಕಾಯಿಯನ್ನು ನೀರಿನಲ್ಲಿ ಕುದಿಸಿ ಕಷಾಯ ಮಾಡಿದರು. ಮೊದಲು ಎಲ್ಲರೂ ಮಾಡುವ ಪರೀಕ್ಷೆಯನ್ನೇ ಮಾಡಿದರು: ಆರು ತಳಿಯ ಬ್ಯಾಕ್ಟೀರಿಯಾಗಳ ಮೇಲೆ ಕಷಾಯ ಹಾಕಿದರು. ಆರರಲ್ಲಿ ಒಂದೂ ಸಾಯಲಿಲ್ಲ.

ನಮ್ಮ ಕಾಲೇಜಿನ ಪ್ರಾಜೆಕ್ಟಾಗಿದ್ದರೆ ಕತೆ ಅಲ್ಲಿಗೆ ಮುಗಿದು, ಹುಡುಗಿ ಬೇರೆ ಎಲೆ ಹುಡುಕಿಕೊಂಡು ಹೋಗಿರುತ್ತಿದ್ದಳು. ಇವರು ನಿಲ್ಲಿಸಲಿಲ್ಲ. ಭೇದಿ ಆಗುವುದು ಹೇಗೆ ಎಂಬ ದಾರಿಯ ಒಂದೊಂದು ಮೆಟ್ಟಿಲಲ್ಲೂ ನಿಂತು ನೋಡಿದರು. ತಟ್ಟೆಯಲ್ಲಿ ಬೆಳೆಸಿದ ಮಾನವ ಜೀವಕೋಶಗಳಿಗೆ ರೋಗಕಾರಕ ಇ. ಕೊಲೈ ಅಂಟಿಕೊಳ್ಳುವುದನ್ನು ಕಷಾಯ ಕಡಿಮೆ ಮಾಡಿತು. ಶಿಗೆಲ್ಲಾ ಮತ್ತು ಒಳನುಗ್ಗುವ ಇ. ಕೊಲೈ ಜೀವಕೋಶದ ಒಳಗೆ ಹೋಗುವುದನ್ನೂ ಕಡಿಮೆ ಮಾಡಿತು. ಕಾಲರಾ ವಿಷ ತಯಾರಾಗುವುದಕ್ಕೆ ಅಡ್ಡಿ ಮಾಡಿತು. ಆ ವಿಷವೂ, ಅದರ ಅಣ್ಣತಮ್ಮನಂತಿರುವ ಇ. ಕೊಲೈನ ಒಂದು ವಿಷವೂ ಮೇಲೆ ಹೇಳಿದ ಜಿಎಂ1 ಕೊಂಡಿಗೆ ಸಿಕ್ಕಿಕೊಳ್ಳುವುದನ್ನು ತಗ್ಗಿಸಿತು. ಇ. ಕೊಲೈ ಬಿಡುವ, ಬಿಸಿಗೆ ಜಗ್ಗದ ಇನ್ನೊಂದು ವಿಷದ ಮೇಲೆ ಮಾತ್ರ ಏನೂ ಪರಿಣಾಮ ಆಗಲಿಲ್ಲ, ಅದನ್ನೂ ಮುಚ್ಚಿಡದೆ ಬರೆದರು. ಜೊತೆಗೆ ಜಿಯಾರ್ಡಿಯಾ ಎಂಬ ಪರಾವಲಂಬಿಯನ್ನೂ ರೋಟಾವೈರಸ್ಸನ್ನೂ ಕಷಾಯ ನಾಶ ಮಾಡಿತು.

ಅಂದರೆ ತಟ್ಟೆಯ ಪರೀಕ್ಷೆಯಲ್ಲಿ ಸೊನ್ನೆ ತೆಗೆದುಕೊಂಡ ಮದ್ದು, ರೋಗದ ಪರೀಕ್ಷೆಯಲ್ಲಿ ಬಹಳ ಕಡೆ ಪಾಸಾಯಿತು! ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ಕೈಕಾಲು ಕಟ್ಟುವ ಇಂಥ ಮದ್ದಿಗೆ ಇನ್ನೊಂದು ಲಾಭವೂ ಇರಬಹುದು. ಕೊಲ್ಲುವ ಔಷಧದ ಎದುರು ತಪ್ಪಿಸಿಕೊಂಡ ಬ್ಯಾಕ್ಟೀರಿಯಾಗಳು ಮಾತ್ರ ಉಳಿದು ವಂಶ ಬೆಳೆಸುತ್ತವೆ, ಪ್ರತಿರೋಧ ಬೆಳೆಯುವುದು ಹಾಗೆ. ಸಾಯಿಸದಿದ್ದರೆ ಆ ಒತ್ತಡ ಕಡಿಮೆ. ಆಂಟಿಬಯೋಟಿಕ್‌ಗಳು ಒಂದೊಂದಾಗಿ ಕೆಲಸಕ್ಕೆ ಬಾರದೆ ಹೋಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ‘ಝೋನ್ ಬರಲಿಲ್ಲ’ ಎಂದು ನಮ್ಮ ಕಾಲೇಜುಗಳು ಬಿಸಾಡಿದ ಎಷ್ಟು ಗಿಡಗಳಲ್ಲಿ ಹೀಗೆ ಏನಾದರೂ ಇತ್ತೋ ಅಂತ ನನಗೆ ಆಗಾಗ ಅನಿಸುತ್ತದೆ.

ಇಷ್ಟೆಲ್ಲ ಆದರೂ ಇದು ಪ್ರಯೋಗಾಲಯದ ಕೆಲಸ. ಮನುಷ್ಯರ ಮೇಲೆ ಏನಾಗುತ್ತದೆ ಎಂಬುದು ಬೇರೆ ಪರೀಕ್ಷೆ. ಆ ಪರೀಕ್ಷೆಗೆ ಕೂತ ಗಿಡಗಳು ಕಡಿಮೆ. ಒಂದು, ಬೆರ್ಬೆರಿನ್. ದಾರುಹರಿದ್ರೆಯಲ್ಲೂ ನಮ್ಮ ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿಯಲ್ಲೂ ಇರುವ ಹಳದಿ ವಸ್ತು ಇದು. 1987ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನವೊಂದರಲ್ಲಿ 165 ವಯಸ್ಕ ರೋಗಿಗಳು ಇದ್ದರು. ವಿಷ ಬಿಡುವ ಇ. ಕೊಲೈ ಭೇದಿ ಇದ್ದವರಲ್ಲಿ ಬೆರ್ಬೆರಿನ್ ತೆಗೆದುಕೊಂಡ ಶೇ. 42ರಷ್ಟು ಮಂದಿಗೆ 24 ಗಂಟೆಯೊಳಗೆ ಭೇದಿ ನಿಂತಿತು, ತೆಗೆದುಕೊಳ್ಳದವರಲ್ಲಿ ಇದು ಶೇ. 20. ಒಳ್ಳೆಯ ಫಲಿತಾಂಶವೇ. ಆದರೆ ಕಾಲರಾದಲ್ಲಿ ಟೆಟ್ರಾಸೈಕ್ಲಿನ್ ಜೊತೆಗೆ ಇದನ್ನು ಕೊಟ್ಟರೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ‘ಭೇದಿಗೆ ಮದ್ದು’ ಅನ್ನುವ ಒಂದೇ ಪದದಡಿ ಎಷ್ಟು ಬೇರೆ ಬೇರೆ ರೋಗಗಳು ಕೂತಿವೆ ನೋಡಿ. ಇನ್ನು ಮರದರಿಶಿನ ಕಾಡಿನಲ್ಲಿ ಅಳಿವಿನಂಚಿಗೆ ಬಂದಿದೆ. ‘ರಾಮಬಾಣ’ ಅಂತ ಸುದ್ದಿಯಾದರೆ ಉಳಿದ ಬಳ್ಳಿಯೂ ಹೋಗುತ್ತದೆ, ಅದೊಂದು ಬೇರೆಯೇ ಲೇಖನದ ವಿಷಯ.

ಎರಡನೆಯದು ಅಮೆಜಾನ್ ಕಾಡಿನ ಒಂದು ಮರದ ಕಥೆ. ತೊಗಟೆ ಕೊಯ್ದರೆ ರಕ್ತದಂಥ ಕೆಂಪು ರಸ ಸುರಿಸುವ ಕ್ರೋಟನ್ ಜಾತಿಯ ಮರ, ಅಲ್ಲಿನ ಮೂಲನಿವಾಸಿಗಳು ಭೇದಿಗೂ ಗಾಯಕ್ಕೂ ಬಳಸುತ್ತಿದ್ದದ್ದು. ಅದರಿಂದ ತೆಗೆದ ಕ್ರೊಫೆಲೆಮರ್ ಎಂಬ ಔಷಧಕ್ಕೆ ಅಮೆರಿಕದ ಎಫ್‌ಡಿಎ 2012ರ ಡಿಸೆಂಬರ್ 31ರಂದು ಒಪ್ಪಿಗೆ ಕೊಟ್ಟಿತು. ಬಾಯಿಯಿಂದ ತೆಗೆದುಕೊಳ್ಳುವ ಸಸ್ಯಮೂಲದ ಔಷಧವೊಂದಕ್ಕೆ ಅಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು. ಅದು ಕೂಡ ಬ್ಯಾಕ್ಟೀರಿಯಾ ಕೊಲ್ಲುವುದಕ್ಕಲ್ಲ, ಕರುಳಿನಲ್ಲಿ ಕ್ಲೋರೈಡ್ ಬಾಗಿಲು ಮುಚ್ಚುವುದಕ್ಕೆ. ಯಾರಿಗೆ? ಎಚ್‌ಐವಿ ಔಷಧ ತೆಗೆದುಕೊಳ್ಳುತ್ತಿರುವ, ಸೋಂಕಿನಿಂದಲ್ಲದ ಭೇದಿ ಇರುವ ವಯಸ್ಕರಿಗೆ ಮಾತ್ರ. ಕೊಡುವ ಮುನ್ನ ಸೋಂಕು ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕೆಂದು ಔಷಧದ ಚೀಟಿಯಲ್ಲೇ ಬರೆದಿದೆ. ಅದರ ಮುಖ್ಯ ಪರೀಕ್ಷೆಯಲ್ಲಿ ಗುಣ ಕಂಡವರು ಶೇ. 17.6, ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 8. ವರ್ಷಗಟ್ಟಲೆ ದುಡಿದು, ಕೋಟಿಗಟ್ಟಲೆ ಸುರಿದ ಮೇಲೆ ಒಂದು ನಿಜವಾದ ಸಸ್ಯ ಔಷಧದ ಫಲ ಹೀಗಿರುತ್ತದೆ. ರಾಮಬಾಣ ಎಂಬ ಪದ ಎಲ್ಲೂ ಇಲ್ಲ.

ನಮ್ಮಲ್ಲೂ ಈ ದಾರಿ ಇದೆ. ಸಸ್ಯದ ಸಾರವನ್ನು ಶುದ್ಧಗೊಳಿಸಿ, ಅದರಲ್ಲಿ ಕನಿಷ್ಠ ನಾಲ್ಕು ಅಂಶಗಳನ್ನು ಅಳೆದು ತೋರಿಸಿ, ಸುರಕ್ಷತೆ ಮತ್ತು ಮನುಷ್ಯರ ಮೇಲಿನ ಪರೀಕ್ಷೆಯ ಮಾಹಿತಿ ಕೊಟ್ಟು ‘ಫೈಟೊಫಾರ್ಮಸ್ಯುಟಿಕಲ್’ ಎಂದು ಒಪ್ಪಿಗೆ ಪಡೆಯುವ ನಿಯಮವನ್ನು ಕೇಂದ್ರ ಸರ್ಕಾರ 2015ರ ನವೆಂಬರ್‌ನಲ್ಲೇ ತಂದಿದೆ. ಆಯುರ್ವೇದವೋ ಅಲೋಪತಿಯೋ ಅಂತ ಟಿವಿಯಲ್ಲಿ ಕಿತ್ತಾಡುವವರು ಈ ದಾರಿಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಇಷ್ಟು ಹೊತ್ತು ಗಿಡದ ಮಾತಾಯಿತು. ಭೇದಿಯಿಂದ ಸಾಯುವವರು ಸಾಯುವುದು ಬಹುತೇಕ ನೀರು, ಉಪ್ಪು ಕಳೆದುಕೊಂಡು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡ್ರಿಪ್ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರು ಇಟ್ಟು, ರೋಗಿಗಳ ಮನೆಯವರಿಂದಲೇ ಕುಡಿಸಿದರು. ಸಾವಿನ ಪ್ರಮಾಣ ಶೇ. 30ರ ಸುಮಾರಿನಿಂದ ಶೇ. 3.6ಕ್ಕೆ ಇಳಿಯಿತು. ಆ ನೀರಿಗೆ ಒಂದೇ ಒಂದು ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇರಲಿಲ್ಲ, ತಟ್ಟೆಯಲ್ಲಿ ಹಾಕಿದ್ದರೆ ಝೋನ್ ಬರುತ್ತಿರಲಿಲ್ಲ, ಇಲಿಯ ಹಿಕ್ಕೆಯೂ ಕಡಿಮೆ ಆಗುತ್ತಿರಲಿಲ್ಲ. ಭೇದಿ ನಿಲ್ಲಿಸುವ ಔಷಧವೇ ಅಲ್ಲ ಅದು. ಕಾಲರಾ ವಿಷ ಕ್ಲೋರೈಡ್ ಬಾಗಿಲು ತೆರೆದಿಟ್ಟರೂ, ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಹೋಗುವ ಇನ್ನೊಂದು ಬಾಗಿಲು ಹಾಳಾಗಿರುವುದಿಲ್ಲ. ಆ ಬಾಗಿಲಿನಿಂದ ನೀರು ಮೈಗೆ ವಾಪಸ್ ಸೇರುತ್ತದೆ.

ಆದರೂ ‘ನೀರು ಕೊಟ್ಟರೆ ಇನ್ನೂ ಜಾಸ್ತಿ ಆಗುತ್ತೆ, ಹೊಟ್ಟೆ ಖಾಲಿ ಬಿಡಿ’ ಅನ್ನುವ ಮಾತು ನಮ್ಮ ಊರುಗಳಲ್ಲಿ ಇನ್ನೂ ಹೋಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ ಐದು ವರ್ಷದೊಳಗಿನ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ. 60ರ ಆಸುಪಾಸಿನವರಿಗೆ. ಉಳಿದ ಮಕ್ಕಳಿಗೆ ಸಿಗಲಿಲ್ಲ. ಇದರ ಜೊತೆಗೆ ಓಆರ್‌ಎಸ್ ಅಂತ ಹೆಸರು ಹಾಕಿಕೊಂಡು ಸಕ್ಕರೆ ಪಾನೀಯ ಮಾರುವವರೂ ಇದ್ದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸುವುದನ್ನು ತಡೆಯಬೇಕಾಯಿತು.

ಹಾಗಾಗಿ ಯಾರಾದರೂ ‘ಮೇಡಂ, ಬಿಲ್ವದ ಕಷಾಯ ಕೊಡಬಹುದಾ?’ ಅಂತ ಕೇಳಿದರೆ ನಾನು ಮೊದಲು ಕೇಳುವುದು, ಓಆರ್‌ಎಸ್ ಶುರು ಮಾಡಿದ್ರಾ ಅಂತ. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟೇ ಕುದಿಸಿ ಆರಿಸಿದ ನೀರಿಗೆ ಬೆರೆಸಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ, ಉಪ್ಪು ಹೆಚ್ಚಾದರೆ ಅಪಾಯ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕು ಗುಟುಕಾಗಿ ಕೊಡಬೇಕು. ಎದೆಹಾಲು, ಊಟ ನಿಲ್ಲಿಸಬಾರದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, 14 ದಿನ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ ನೋಡಿ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾಗಿ ಕುಡಿಯದೇ ಇದ್ದರೆ, ಆರು ಗಂಟೆಯಿಂದ ಮೂತ್ರ ಹೋಗದಿದ್ದರೆ ಕಷಾಯವೂ ಬೇಡ, ಕಾಯುವುದೂ ಬೇಡ, ಆಸ್ಪತ್ರೆಗೆ ಹೊರಡಿ.

ದೊಡ್ಡವರು ಇದೆಲ್ಲ ಮಾಡಿಕೊಂಡು ಸಂಜೆಗೆ ಸೀಬೆ ಕುಡಿಯ ತಂಬುಳಿ ಉಣ್ಣುತ್ತೇವೆ ಅಂದರೆ ನನ್ನದೇನೂ ತಕರಾರಿಲ್ಲ. ಮಜ್ಜಿಗೆ ಹುಳಿಯಾಗಿರದಿದ್ದರೆ ಸಾಕು.